ಹಲಾಲ್ ಆಹಾರವೂ ಅದನ್ನಿಡುವ ಪಾತ್ರೆಯೂ



ನಿಮ್ಮ ಮನೆಗೆ ನಿಕಾಹ್‌ನ ಊಟ ಬಂದಾಗ ಏನೇನು ವಿಚಾರಿಸುತ್ತೀರಿ? ಮಾಂಸ ಯಾರ ಅಂಗಡಿಯದು, ಜಬೀಹ ಸರಿಯಾಗಿದೆಯೇ ಎಂದು ಕೇಳುತ್ತೀರಿ. ಅದು ಒಳ್ಳೆಯದೇ. ಆದರೆ ಆ ಊಟ ಯಾವುದರಲ್ಲಿ ಬಂತು ಎಂದು ಎಂದಾದರೂ ಕೇಳಿದ್ದೀರಾ? ಮದ್ರಸದಲ್ಲಿ ಪಾಠ ಹೇಳುವ ನಾನೂ ಕೇಳಿರಲಿಲ್ಲ. ಕೇಳಿದವನು ನನ್ನ ಹನ್ನೊಂದು ವರ್ಷದ ಒಬ್ಬ ವಿದ್ಯಾರ್ಥಿ.

ಬೆಳಗಾವಿಯಲ್ಲಿ ನಮ್ಮ ಮೊಹಲ್ಲಾದ ಒಂದು ವಲೀಮಾದಲ್ಲಿ ಊಟ ಬಹಳ ಉಳಿಯಿತು. ಅದನ್ನು ಬಡವರ ಮತ್ತು ರೋಗಿಗಳ ಮನೆಗಳಿಗೆ ತಲುಪಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ದೇಗಿನಲ್ಲಿ ಕುದಿಯುತ್ತಿದ್ದ ದಾಲ್ಚಾವನ್ನು ತೆಳು ಪ್ಲಾಸ್ಟಿಕ್ ಚೀಲಗಳಿಗೆ ಸುರಿದು ದಾರ ಕಟ್ಟುತ್ತಿದ್ದೆವು. ಚೀಲ ಹಿಡಿದು ನಿಂತಿದ್ದ ಹುಡುಗ ಕೇಳಿದ: "ಹಜರತ್, ಚೀಲ ಮೆತ್ತಗ ಆಗಾಕತ್ತೈತ್ರಿ. ಇದರಾಗಿಂದು ಏನರ ದಾಲ್ಚಾದಾಗ ಇಳೀತದೇನ್ರಿ?"

"ಲಗೂ ಕಟ್ಟು, ಆರಿ ಹೋಗ್ತದ" ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ಅಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ಆ ಪ್ರಶ್ನೆ ಮತ್ತೆ ನೆನಪಾಯಿತು. ನಮ್ಮ ಪಾಲಿನ ದಾಲ್ಚಾ ಸ್ಟೀಲ್ ಡಬ್ಬಿಯಲ್ಲಿ ಬಂದಿತ್ತು. ನಮ್ಮ ಮನೆಗೆ ಡಬ್ಬಿ, ಬಡವರ ಮನೆಗೆ ಚೀಲ! ನಮಗೆ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸಲಾರದಂಥ ಕೀಳು ವಸ್ತುವನ್ನು ದಾನಕ್ಕೆಂದು ಆರಿಸಬಾರದೆಂದು ಸೂರಃ ಅಲ್ ಬಕರಃದಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ಆ ಸೂಕ್ತವನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಓದಿಸಿದ್ದೆ. ಅನ್ನ ಒಳ್ಳೆಯದೇ ಇತ್ತು, ಪಾತ್ರೆ ಹಾಗಿರಲಿಲ್ಲ.

ಹುಡುಗನ ಸಂಶಯ ಸುಳ್ಳಾಗಿರಲಿಲ್ಲ. ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಅದನ್ನು ಮೆದುಗೊಳಿಸಲು, ಗಟ್ಟಿಗೊಳಿಸಲು, ಬಣ್ಣ ಕೊಡಲು ನಾನಾ ರಾಸಾಯನಿಕಗಳನ್ನು ಬಳಸುತ್ತಾರೆ. ಥ್ಯಾಲೇಟ್‌ಗಳು, ಬಿಸ್ಫಿನಾಲ್-ಎ (ಬಿಪಿಎ) ಮುಂತಾದವು ದೇಹದ ಹಾರ್ಮೋನುಗಳ ಕೆಲಸದಲ್ಲಿ ಕೈಹಾಕಬಲ್ಲವು. ಶಾಖ, ಎಣ್ಣೆ, ಹುಳಿ, ಹೆಚ್ಚು ಹೊತ್ತು ಇಡುವುದು, ಇವುಗಳಿಂದ ರಾಸಾಯನಿಕಗಳು ಆಹಾರಕ್ಕೆ ಇಳಿಯುವ ಪ್ರಮಾಣ ಹೆಚ್ಚುತ್ತದೆ. ದಾಲ್ಚಾವನ್ನೇ ನೋಡಿ. ಅದು ಸುಡುವಷ್ಟು ಬಿಸಿ, ಮೇಲೆ ಕೊಬ್ಬು, ಒಳಗೆ ಹುಣಸೆಹಣ್ಣು. ತೆಳು ಚೀಲದಲ್ಲಿ ಮರುಬಳಕೆಯ ಪ್ಲಾಸ್ಟಿಕ್ ಇದ್ದರೆ, ಅದು ಮೊದಲು ಏನಾಗಿತ್ತೆಂಬುದು ಮಾರುವವನಿಗೂ ತಿಳಿದಿರುವುದಿಲ್ಲ.

ನಮ್ಮ ರಾಜ್ಯದಲ್ಲೇ 2025ರ ಫೆಬ್ರವರಿಯಲ್ಲಿ ಇಡ್ಲಿಯ ಸಂಗತಿ ಹೊರಬಿತ್ತು. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಾರೆಂಬ ದೂರಿನ ಮೇಲೆ ಆಹಾರ ಸುರಕ್ಷತಾ ಇಲಾಖೆ ರಾಜ್ಯದಾದ್ಯಂತ 251 ಕಡೆ ಪರಿಶೀಲಿಸಿದಾಗ 50ಕ್ಕೂ ಹೆಚ್ಚು ಕಡೆ ಅದು ನಿಜವೆಂದು ಕಂಡಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸುವುದಾಗಿ ಪ್ರಕಟಿಸಿದರು. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ಸರಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿತ್ತು. ಕಾನೂನು ಬಂದು ವರ್ಷಗಳೇ ಕಳೆದರೂ ಚೀಲ ನಮ್ಮ ಕೈಬಿಟ್ಟಿಲ್ಲ.

"ಇದೆಲ್ಲ ಅತಿಯಾಯಿತು. ತಿಂದವರು ಯಾರು ಸತ್ತಿದ್ದಾರೆ? ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ" ಎಂದು ನೀವು ಹೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿದೆ. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ, ಬಿಪಿಎಯ ದೈನಂದಿನ ಮಿತಿ ಹಿಂದೆ ಎಣಿಸಿದ್ದಕ್ಕಿಂತ 20,000 ಪಟ್ಟು ಕಡಿಮೆಯಿರಬೇಕೆಂದಿತು. ಆದರೆ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ, ಆಹಾರದಲ್ಲಿ ಸದ್ಯ ಸೇರುವಷ್ಟರಿಂದ ಅಪಾಯವಿಲ್ಲವೆಂದೇ ಹೇಳುತ್ತ ಬಂದಿದೆ. ಹಾಗಾದರೆ ತಜ್ಞರು ಒಂದಾಗದ ವಿಷಯದಲ್ಲಿ ಸತ್ಯವಿಶ್ವಾಸಿ ಏನು ಮಾಡಬೇಕು?

ಸಂಶಯಕ್ಕೆಡೆ ಕೊಡುವುದನ್ನು ಬಿಟ್ಟು ಸಂಶಯವಿಲ್ಲದ್ದನ್ನು ಹಿಡಿಯಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸಂಶಯವಿಲ್ಲದ ದಾರಿ ದೂರದಲ್ಲಿದ್ದರೆ ಮಾತು ಬೇರೆ. ಇಲ್ಲಿ ಅದು ಅಡುಗೆಮನೆಯ ಶೆಲ್ಫಿನ ಮೇಲೇ ಇದೆ: ಒಂದು ಸ್ಟೀಲ್ ಡಬ್ಬಿ. ಅಲ್ಲದೆ ನನ್ನ ಆಹಾರದ ವಿಷಯದಲ್ಲಿ ನಾನು ಹೇಗಾದರೂ ಇದ್ದೇನು. ಆದರೆ ಇನ್ನೊಬ್ಬರಿಗೆ ಬಡಿಸುವಾಗ ಅವರ ಆರೋಗ್ಯ ನನ್ನ ಕೈಯಲ್ಲಿರುವ ಅಮಾನತ್. ಮಗುವಿಗೂ ಅತಿಥಿಗೂ ಬಡವನಿಗೂ ಆಯ್ಕೆಯಿಲ್ಲ, ಕೊಟ್ಟದ್ದನ್ನು ತಿನ್ನುತ್ತಾರೆ. ಆಯ್ಕೆ ಇರುವವನೇ ಲೆಕ್ಕ ಕೊಡಬೇಕಾದವನು.

ಇದು ನಮಗೆ ಹೊಸ ಪಾಠವೇನಲ್ಲ. ನಮ್ಮ ಅಜ್ಜಂದಿರು ಮದುವೆಗೆ ಮುಂಚೆ ತಾಮ್ರದ ದೇಗುಗಳಿಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಸವೆದ ತಾಮ್ರದಲ್ಲಿ ಹುಳಿ ಬೆಂದರೆ ವಿಷವಾಗುತ್ತದೆಂದು ಅವರಿಗೆ ಗೊತ್ತಿತ್ತು. ಪ್ರಯೋಗಾಲಯ ಕಾಣದವರು ದೇಗಿನೊಳಗೆ ಬಗ್ಗಿ ನೋಡುತ್ತಿದ್ದರು. ಓದಿದ ನಾವು ಚೀಲವನ್ನು ನೋಡುವುದಿಲ್ಲ.

ಆದರೆ ಇನ್ನೊಂದು ತುದಿಗೂ ಹೋಗಬಾರದು. ಅಲ್ಲಾಹನು ಹರಾಮ್ ಮಾಡದ್ದನ್ನು ಹರಾಮ್ ಎನ್ನುವ ಅಧಿಕಾರ ನಮಗಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಗುವಿಗೆ ರೊಟ್ಟಿ ಕಟ್ಟಿಕೊಡುವ ತಾಯಿ ಪಾಪಿಯಲ್ಲ. ಆರಿದ ಒಣ ರೊಟ್ಟಿಗೂ ಕುದಿಯುವ ಸಾರಿಗೂ ವ್ಯತ್ಯಾಸವಿದೆ. ಒಂದೇ ದಿನ ಎಲ್ಲವನ್ನೂ ಬೀದಿಗೆಸೆದರೆ ಅದು ದುಂದುವೆಚ್ಚ. ಬಿಸಿ, ಎಣ್ಣೆ, ಹುಳಿ ಈ ಮೂರನ್ನು ಪ್ಲಾಸ್ಟಿಕ್‌ನಿಂದ ದೂರವಿಡಿ. ಉಪ್ಪಿನಕಾಯಿಗೆ ಗಾಜಿನ ಅಥವಾ ಪಿಂಗಾಣಿ ಭರಣಿ ಸಾಕು. ಹೋಟೆಲಿನಿಂದ ಚಹಾ ತರಲು ಚೀಲ ಬೇಡ, ಕಿಟ್ಲಿ ಒಯ್ಯಿರಿ. ನೀರಿನ ಬಾಟಲಿಯನ್ನು ಬಿಸಿಲಿನಲ್ಲಿ ಬಿಡಬೇಡಿ. ಗೀರುಬಿದ್ದ ಹಳೆಯ ಡಬ್ಬಿಯನ್ನು ಮೊಳೆ, ಗುಂಡಿ ಹಾಕಿಡಲು ಬಳಸಿ. ಮಗುವಿನ ಹಾಲಿನ ಬಾಟಲಿ ಗಾಜಿನದೋ ಸ್ಟೀಲಿನದೋ ಇರಲಿ.

ಕುಡಿಯುವ ನೀರಿಗಾಗಿ ನಾನು ಖಾನಾಪುರಕ್ಕೆ ಹೋದಾಗ ಒಂದು ಹರವಿ ತಂದೆ. ಆ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅಲ್ಲಿಯ ಮಣ್ಣಿನ ಪಾತ್ರೆಗಳೂ ಹೆಸರಾದವು. ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೊಂದು ಆ ಊರಿನಲ್ಲೇ ಇದೆ. ಮಾರುತ್ತಿದ್ದ ಅಜ್ಜಿ ಹೇಳಿದಳು: "ಮಾಸ್ತರ್ರ, ಕ್ಯಾನ್ ಬಂದಮ್ಯಾಲ ಹರವಿ ಕೇಳಾವ್ರು ಕಡಿಮಿ ಆಗ್ಯಾರ. ಕುಡ್ಯಾಕ ಆದ್ರ ಬಣ್ಣಾ ಹಚ್ಚಿದ್ದು ಬ್ಯಾಡ್ರಿ, ಬರೇ ಕೆಂಪಂದು ತಗೋರಿ." ತನ್ನ ಲಾಭ ನೋಡಿಕೊಂಡಿದ್ದರೆ ಬಣ್ಣದ ದುಬಾರಿ ಹರವಿಯನ್ನೇ ನನಗೆ ದಾಟಿಸಬಹುದಿತ್ತು. ಅಮಾನತ್ ಎಂದರೇನೆಂದು ಅವಳು ಆ ಪದ ಬಳಸದೆಯೇ ಹೇಳಿದಳು.

ಮುಂದಿನ ವಲೀಮಾದಲ್ಲಿ ನಾವು ಸ್ಟೀಲ್ ಬಕೀಟು, ಸೌಟು ಹಿಡಿದು ಮನೆಮನೆಗೆ ಹೋದೆವು. ಪಾತ್ರೆ ಹಿಡಿದು ಸಾಲಿನಲ್ಲಿ ನಿಲ್ಲಿರೆಂದು ಯಾರಿಗೂ ಹೇಳಲಿಲ್ಲ; ಹಾಗೆ ನಿಲ್ಲಿಸಿದರೆ ಅದು ಬೇರೊಂದು ಹಾನಿ. ಕೆಲಸಕ್ಕೆ ಒಂದು ತಾಸು ಹೆಚ್ಚು ಹಿಡಿಯಿತು. ಹಾಸಿಗೆ ಹಿಡಿದಿದ್ದ ಒಬ್ಬ ತಾಯಿ ತನ್ನ ತಾಟಿಗೆ ಬಿಸಿ ದಾಲ್ಚಾ ಬೀಳುವುದನ್ನು ಕಂಡು, "ಮನೀ ಮಂದಿಗೆ ಬಡಿಸಿದಂಗ ಬಡಿಸಿದ್ರಿ" ಎಂದರು. ಸೌಟು ಆ ಹುಡುಗನ ಕೈಯಲ್ಲಿತ್ತು. ಅಂದು ಬಾಯಿ ಮುಚ್ಚಿಸಿದ್ದಕ್ಕೆ ನಾನು ಅವನ ಕ್ಷಮೆ ಕೇಳಿದೆ.

ಓದುಗರೇ, ಬಿಸ್ಮಿಲ್ಲಾ ಹೇಳುವ ಮೊದಲು ತಾಟಿನಲ್ಲಿ ಏನಿದೆ ಎಂದು ನೋಡುವಂತೆ ಅದು ಯಾವುದರಲ್ಲಿ ಬಂತು ಎಂದೂ ನೋಡಿ. ಇತರರಿಗೆ ಕಳಿಸುವಾಗಲಂತೂ ಎರಡು ಸಲ ನೋಡಿ. ಹಲಾಲ್ ಆದುದನ್ನು ಶುದ್ಧವಾಗಿಯೇ ಉಣ್ಣುವ, ಉಣಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.