ಕೇಳಿ ತಗೊಂಡಿದ್ರೆ ಏನಾಗ್ತಿತ್ತು?

ಹೋದ ವರ್ಷ ಕಂದಿಕೆರೆಗೆ ಹೋದಾಗ ಅಪ್ಪ ಪಾಸ್‌ಬುಕ್ ತಂದು ಮುಂದೆ ಹಿಡಿದರು. "ಇದೇನು ನೋಡು, ದುಡ್ಡು ಕಟ್ಟಾಗಿದೆ." ನೋಡಿದೆ. ರಾಗಿಗೆ ತೆಗೆದ ಬೆಳೆಸಾಲದ ಜೊತೆಗೆ ಫಸಲ್ ಬಿಮಾ ಕಂತು. ಮುಂಗಾರು ರಾಗಿಗೆ ರೈತ ಕಟ್ಟೋದು ವಿಮಾ ಮೊತ್ತದ ಹೆಚ್ಚೆಂದರೆ ಶೇ. 2, ಉಳಿದ ಕಂತು ಸರ್ಕಾರದ್ದು. "ನಿಮ್ಮ ಒಳ್ಳೇದಕ್ಕೇ ಅಲ್ವಾ ಅಪ್ಪ?" ಅಂದೆ.

"ಒಳ್ಳೇದೇ ಇರ್ಲಿ ಕಣೋ. ಕೇಳಿ ತಗೊಂಡಿದ್ರೆ ಏನಾಗ್ತಿತ್ತು?"

ನನಗೆ ಉತ್ತರ ಹೊಳೆಯಲಿಲ್ಲ. ಯಾಕಂದ್ರೆ ಬೆಂಗಳೂರಲ್ಲಿ ನಾನು ಮಾಡೋ ಕೆಲಸವೂ ಇದೇ. ಆ್ಯಪ್‌ನಲ್ಲಿ ಯಾವ ಚೌಕಕ್ಕೆ ಮೊದಲೇ ಟಿಕ್ ಹಾಕಿಡಬೇಕು ಅಂತ ಮೀಟಿಂಗ್ ಮಾಡ್ತೀವಿ. ಇದಕ್ಕೆ ನಡ್ಜ್ ಅಂತಾರೆ. ಬಸ್ಸಲ್ಲಿ ಪಕ್ಕದವರು ಮೊಣಕೈಯಲ್ಲಿ ಮೆಲ್ಲಗೆ ತಿವೀತಾರಲ್ಲ, ಹಾಗೆ. 2008ರಲ್ಲಿ ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ ಇದರ ಮೇಲೆ ಪುಸ್ತಕ ಬರೆದರು. ನಮ್ಮ 2018-19ರ ಆರ್ಥಿಕ ಸಮೀಕ್ಷೆಯಲ್ಲೂ ಇದಕ್ಕೊಂದು ಅಧ್ಯಾಯವಿದೆ. ಮುಖ್ಯ ಷರತ್ತು ಇಷ್ಟೇ: ಬೇಡ ಅನ್ನೋ ದಾರಿ ಸುಲಭವಾಗಿರಬೇಕು.

ಬೆಳೆ ವಿಮೆಯಲ್ಲಿ ಆ ದಾರಿ ಇದೆ. 2016ರಲ್ಲಿ ಶುರುವಾದಾಗ ಸಾಲ ಪಡೆದ ರೈತರಿಗೆ ಇದು ಕಡ್ಡಾಯವಾಗಿತ್ತು. 2020ರ ಮುಂಗಾರಿನಿಂದ ಐಚ್ಛಿಕವಾಯಿತು. ಆದರೆ ಬೇಡದವರು ನೋಂದಣಿಯ ಕೊನೇ ದಿನಕ್ಕೆ 7 ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಸುಮ್ಮನಿದ್ದರೆ ಒಪ್ಪಿದ ಹಾಗೆ. ಅಪ್ಪನಿಗೆ ಈ ವಿಷಯವೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು?

ಅಮೆರಿಕದ ಸಮೀಕ್ಷೆಗಳಲ್ಲಿ ಸನ್‌ಸ್ಟೀನ್ ಕಂಡದ್ದೂ ಇದನ್ನೇ. ಉದ್ದೇಶ ಒಳ್ಳೇದಿದ್ದರೆ ಇಂಥ ತಿವಿತವನ್ನು ಹೆಚ್ಚಿನ ಜನ ಒಪ್ತಾರೆ. ಕೇಳದೆ ದುಡ್ಡು ಮುಟ್ಟಿದರೆ ಒಪ್ಪಲ್ಲ.

ಹಾಗಂತ ಇನ್ನೊಂದು ಮಾತೂ ನಿಜ. ಎಲ್ಲರನ್ನೂ ಕೇಳುತ್ತಾ ಕೂತರೆ ಎಷ್ಟೋ ಜನ "ನಾಳೆ ನೋಡೋಣ" ಅಂದು ವಿಮೆಯೇ ಇಲ್ಲದೆ ಉಳೀತಾರೆ. ಮಳೆ ಕೈಕೊಟ್ಟರೆ ನಷ್ಟ ಅವರಿಗೇ. ಆದರೂ, ಕೇಳಿದರೆ ಬೇಡ ಅಂದುಬಿಡ್ತಾರೆ ಅನ್ನೋ ಭಯಕ್ಕೆ ಕೇಳದೇ ಇರೋದು ಕಾಳಜಿಯಲ್ಲ. ಆತ ಯೋಚನೆ ಮಾಡಬಲ್ಲ ಅನ್ನೋ ನಂಬಿಕೆಯೇ ನಮಗಿಲ್ಲ ಅಂತ ಅದರರ್ಥ.

ಈ ವರ್ಷ ಕೊನೇ ದಿನಕ್ಕೆ ಮುಂಚೆಯೇ ಊರಿಗೆ ಹೋಗಿ ಅಪ್ಪನನ್ನ ಕೇಳಿದೆ, "ಬೇಡ ಅಂತ ಬರೆದುಕೊಡೋಣ್ವಾ?" ಹೊಲದ ಕಡೆ ನೋಡಿ ಅಂದರು, "ಇರ್ಲಿ ಬಿಡು, ಮಳೆ ನಂಬಕ್ಕಾಗಲ್ಲ."

ದುಡ್ಡು ಅದೇ. ಹೋದ ಸಲ ಕಟ್ಟಾಗಿತ್ತು. ಈ ಸಲ ಅಪ್ಪ ಕಟ್ಟಿದರು.

ನಮ್ಮ ಆ್ಯಪ್‌ನ ಟಿಕ್ ಮಾತ್ರ ಇನ್ನೂ ಹಾಗೇ ಇದೆ. ಸೋಮವಾರದ ಮೀಟಿಂಗಿನಲ್ಲಿ ಅಪ್ಪನ ಪ್ರಶ್ನೆಯನ್ನೇ ಕೇಳಬೇಕು.