ಒಂದಕ್ಷರದಷ್ಟು ಅಂತರ

ಮೂಳೆಮಜ್ಜೆಯ ಕೋಟ್ಯಂತರ ಕೋಶಗಳಲ್ಲಿ ಯಾವುದೋ ಒಂದರೊಳಗೆ 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಅಷ್ಟೇ ಸಾಕು. ಹೀಗೆ ಮೊಟಕಾದ 22ನೆಯ ವರ್ಣತಂತುವನ್ನು 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್, ಡೇವಿಡ್ ಹಂಗರ್‌ಫೋರ್ಡ್ ಕಂಡರು. ಅದು ಅದಲುಬದಲಿನ ಫಲವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಇದು ಹಿರಿಯರಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ಅಥಣಿ, ಕಾಗವಾಡದ ಕಬ್ಬಿನ ಹೊಲದಲ್ಲಾಗಲಿ, ನಿಪ್ಪಾಣಿಯ ತಂಬಾಕಿನ ಕೆಲಸದಲ್ಲಾಗಲಿ ಮೈ ದಣಿಯುವುದು ಸಹಜ. ಅದಕ್ಕೇ ಈ ರೋಗದ ಸುಸ್ತನ್ನು, ಗುಲ್ಮ ಊದಿ ಎಡಪಕ್ಕೆಯ ಕೆಳಗೆ ಕೂತ ಭಾರವನ್ನು ಯಾರೂ ಗಮನಿಸದೆ ಹೋಗಬಹುದು. ಮಿರಜಿನಲ್ಲೋ ಬೆಳಗಾವಿಯಲ್ಲೋ ರಕ್ತ ತಪಾಸಣೆ ಮಾಡಿಸಿದಾಗ, ಹನ್ನೊಂದು ಸಾವಿರದೊಳಗೆ ಇರಬೇಕಾದ ಬಿಳಿ ಕಣಗಳು ಎಷ್ಟೋ ಸಲ ಲಕ್ಷ ದಾಟಿರುತ್ತವೆ. ಬಂದ್ ಆಗದ ಪಂಪಿನ ಮೋಟರಿನಂತೆ, ಆ ಅದಲುಬದಲಿನಿಂದ ಹುಟ್ಟಿದ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಹಗಲಿರುಳೂ ಕೋಶಗಳನ್ನು ಹುಟ್ಟಿಸುತ್ತಲೇ ಇರುತ್ತದೆ.

ಆ ಪ್ರೋಟೀನನ್ನೇ ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳ ಆಯುಸ್ಸು ಎಂದಿದ್ದ ರೋಗದಲ್ಲಿ ಈಗ ಬಹಳ ಜನ ಇತರರಷ್ಟೇ ಕಾಲ ಬಾಳುತ್ತಾರೆ. 2013ರ ಏಪ್ರಿಲ್ 1ರಂದು ಭಾರತದ ಸುಪ್ರೀಂ ಕೋರ್ಟ್, ಈ ಮಾತ್ರೆಯ ಕಂಪನಿಯಾದ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ನಮ್ಮ ದೇಶದ ಕಂಪನಿಗಳು ಅದನ್ನು ಅಗ್ಗದಲ್ಲಿ ತಯಾರಿಸುವ ದಾರಿ ಉಳಿಯಿತು.

ಆದರೂ ರೋಗದ ನಡೆ ನನ್ನನ್ನು ಬೆರಗುಗೊಳಿಸುತ್ತದೆ. ಕಣಗಳು ಕಿಕ್ಕಿರಿದ ರಕ್ತದಿಂದ ಒಮ್ಮೊಮ್ಮೆ ಕಿವಿ ಇದ್ದಕ್ಕಿದ್ದಂತೆ ಕೇಳದಾಗುತ್ತದೆ, ಕಣ್ಣು ಮಂಜಾಗುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದದ್ದು ಬ್ಲಾಸ್ಟ್ ಕ್ರೈಸಿಸ್ ಎಂಬ ಉಗ್ರ ಹಂತಕ್ಕೆ ತಿರುಗಬಹುದು. ಅಪರೂಪಕ್ಕೆ ಕುತ್ತಿಗೆಯ ಗಂಟಾಗಿಯೇ ಮೊದಲು ಕಾಣಬಹುದು. ಬ್ಲಾಸ್ಟ್ ಕ್ರೈಸಿಸ್‌ಗೆ ತಿರುಗಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರಲ್ಲಿ ಅದು ಮೈಲಾಯ್ಡ್ ಬಿಟ್ಟು ಲಿಂಫಾಯ್ಡ್ ಎಂಬ ಬೇರೆ ಬಗೆಯ ಬಿಳಿ ಕಣಗಳ ರೂಪ ತಾಳುತ್ತದೆ. ಕೆಲವರಲ್ಲಿ ಜೀನಿನ ಒಂದೇ ಅಕ್ಷರ ಬದಲಾಗಿ ಟಿ315ಐ ಎಂಬ ರೂಪಾಂತರ ಹುಟ್ಟುತ್ತದೆ. ಇಮ್ಯಾಟಿನಿಬ್‌ಗೆ ಆಗ ಅಲ್ಲಿ ಹಿಡಿತವೇ ಸಿಗದು. ಅದಕ್ಕೂ ಪೊನಾಟಿನಿಬ್ ಎಂಬ ಮದ್ದನ್ನು ಮನುಷ್ಯ ಕಂಡುಕೊಂಡಿದ್ದಾನೆ.

ಇಷ್ಟು ಸಣ್ಣದರಲ್ಲಿ ಬದುಕು ನಿಂತಿರುವಾಗ ಒಂದು ಮಾತ್ರೆಯೂ ಸಣ್ಣದಲ್ಲ. ಮೈ ಹಗುರಾಯಿತೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ. ಬಿಸಿಆರ್-ಎಬಿಎಲ್ ಪರೀಕ್ಷೆಯನ್ನು ಅವರು ಹೇಳಿದ ಹೊತ್ತಿಗೆ ಮಾಡಿಸಿ. ಹೊಸ ಗಂಟು, ಬಿಡದ ಜ್ವರ, ಕೇಳದ ಕಿವಿ, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ.