ಆಪ್ತರು ಯಾರು?

ವೈದ್ಯರ ಮಾತನ್ನು ರೋಗಿ ಸುಮ್ಮನೆ ನಂಬಬೇಕೆ? ನ್ಯಾಯದರ್ಶನ ಆಪ್ತವಾಕ್ಯವನ್ನು, ಅಂದರೆ ನಂಬಲರ್ಹನ ಮಾತನ್ನು, ಪ್ರಮಾಣವೆಂದು (ಜ್ಞಾನದ ಸಾಧನವೆಂದು) ಒಪ್ಪುತ್ತದೆ. ಆದರೆ ಆ ದರ್ಶನದ ಮೂಲಗ್ರಂಥ ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದ ಪ್ರಕಾರ ಆಪ್ತನಾದವನು ವಿಷಯವನ್ನು ಕಂಡರಿತಿರಬೇಕು, ಕಂಡದ್ದನ್ನು ಕಂಡಂತೆ ಹೇಳುವ ಮನಸ್ಸುಳ್ಳವನಾಗಿರಬೇಕು. ಋಷಿಗೂ ಮ್ಲೇಚ್ಛನಿಗೂ (ಪರಕೀಯನಿಗೂ) ಆಪ್ತನ ಈ ಲಕ್ಷಣ ಒಂದೇ. ಪ್ರಾಮಾಣಿಕರೂ ಕಾಣದೆ ಹೇಳಬಲ್ಲರು. ಹೃದಯಾಘಾತದ ನಂತರ ಬಡಿತದ ಏರುಪೇರು ತಗ್ಗಿಸುವ ಫ್ಲೆಕನೈಡ್‌ನಂಥ ಔಷಧ ಜೀವ ಉಳಿಸೀತೆಂದು ಅನೇಕ ತಜ್ಞರು ಭಾವಿಸಿದ್ದರು. ಹುಸಿಮಾತ್ರೆಯೊಂದಿಗೆ ಹೋಲಿಸಿ ನೋಡಿದ ಕಾಸ್ಟ್ ಎಂಬ ಪ್ರಯೋಗ 1989ರಲ್ಲಿ ಬೇರೆಯದನ್ನೇ ತೋರಿಸಿತು: ಏರುಪೇರು ತಗ್ಗಿತ್ತು, ಸಾವು ಹೆಚ್ಚಿತ್ತು.

ಸಾಮಾನ್ಯರು ಇದನ್ನೆಲ್ಲ ಅಳೆಯಲಾರರು, ಸಂಶಯ ಚಿಕಿತ್ಸೆಯನ್ನೇ ಕೆಡಿಸೀತು ಎಂಬ ಆಕ್ಷೇಪವುಂಟು. ಆದರೆ ನ್ಯಾಯಸೂತ್ರ ಹೇಳುವ ಹದಿನಾರು ಪದಾರ್ಥಗಳಲ್ಲಿ (ವಿಚಾರದ ವಿಷಯಗಳಲ್ಲಿ) ಸಂಶಯವೂ ಒಂದು. ನಿರ್ಣಯಕ್ಕೆ ಅದೇ ಮೊದಲ ಮೆಟ್ಟಿಲು. ರೋಗಿ ಅಂಕಿಅಂಶ ಬಿಡಿಸಬೇಕಿಲ್ಲ. ಔಷಧ ಪಡೆದವರನ್ನು ಯಾರೊಂದಿಗೆ ಹೋಲಿಸಿದರು, ಅಳೆದದ್ದು ವರದಿಯ ಅಂಕಿಯನ್ನೋ ಆಯುಸ್ಸನ್ನೋ, ಲಾಭ ಯಾರಿಗೆ ಎಂದು ಕೇಳಿದರೆ ಸಾಕು. ಹೀಗೆ ಕೇಳಿ ತಿಳಿದು ಇಟ್ಟ ನಂಬಿಕೆಯೇ ಒಳ್ಳೆಯ ವೈದ್ಯರಿಗೆ ಸಲ್ಲುವ ಗೌರವ.